ಕಣ್ಣಂದಾಜು

ಏಪ್ರಿಲ್ ಕೊನೆಯ ವಾರ ಗ್ಲಾರುಸ್ ಪೇಟೆಯ ಬಯಲಿಗೆ
ನಾವು ಆರು ಜನ ಬಡಗಿಗಳು ಹಲಗೆ ಹೊರುತ್ತೇವೆ.
ನಡುವೆ ಕಟ್ಟೆ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಉಂಗುರ,
ಗೋಡೆಯಿಲ್ಲ, ಸೂರಿಲ್ಲ. ಮೇ ತಿಂಗಳ ಮೊದಲ ಭಾನುವಾರ
ಅದೇ ನಮ್ಮ ಶಾಸನಸಭೆ, ಬಂದವರೆಲ್ಲ ಶಾಸಕರು.
ಒಂದು ಮೊಳೆ ಸಡಿಲಾದರೂ
ಕಾನೂನು ಕಿರುಗುಟ್ಟುತ್ತದೆ, ಅನ್ನುತ್ತಿದ್ದ ಅಪ್ಪ.

ಉಳಿದ ದಿನಗಳಿಗೆ ಬೇರೆ ಮನೆಯಿದೆ. ಅರವತ್ತು ಕುರ್ಚಿ,
ಪಕ್ಷಕ್ಕೊಂದು ಸಾಲು, ಸಾಲಿಗೊಬ್ಬ ಮುಂದಾಳು.
ಕೊನೆಯದು, ಕೋಟು ತೂಗುವ ಗೂಟದ ಪಕ್ಕದ್ದು,
ಸಲೋಮೆ ಟ್ಸ್ವೈಫೆಲ್‌ಳ ಕುರ್ಚಿ.
ಟ್ಸ್ವೈಫೆಲ್ ಅಂದರೆ ನಮ್ಮ ಮಾತಿನಲ್ಲಿ ಅನುಮಾನ.
ಅವಳು ಚುನಾವಣೆಗೆ ನಿಂತಾಗ ಪೇಟೆಯೆಲ್ಲ ನಕ್ಕಿತ್ತು:
ಅನುಮಾನಕ್ಕೆ ಯಾರಪ್ಪ ಓಟು ಹಾಕುತ್ತಾರೆ?
ನಾನು ಹಾಕಿದೆ.
ಅಡುಗೆಮನೆಯ ಮೇಜಿನ ಮೇಲೆ, ಯಾರೂ ಇಲ್ಲದಾಗ,
ಲಕೋಟೆಯ ಅಂಟು ನೆಕ್ಕಿ ಮುಚ್ಚಿ.

ಪಕ್ಷ ಅಂದರೆ ರೆಕ್ಕೆಯೂ ಹೌದಲ್ಲ.
ರೆಕ್ಕೆಯಿಲ್ಲದವಳು ಎಲ್ಲ ಕಡೆಗೂ ನಡೆದೇ ಹೋದಳು.
ಸಮಿತಿಗೆ ಕರೆಯಲಿಲ್ಲ, ಊಟದ ಹೊತ್ತಿನ ಒಪ್ಪಂದಕ್ಕೂ ಕರೆಯಲಿಲ್ಲ.
ಒಮ್ಮೆ ನನ್ನ ಹೊಟ್ಟೆಗೇ ಹೊಡೆದಳು, ಮರದ ಸಬ್ಸಿಡಿ ಬೇಡವೆಂದು.
ಅವಳ ಬಾಗಿಲು ಬಡಿದು ಜಗಳಕ್ಕೆ ನಿಂತೆ:
"ನನ್ನ ಓಟು ನಿನಗೆ ಕೊಟ್ಟಿದ್ದೆ."
"ಕೊಟ್ಟ ಮೇಲೆ ಅದರ ಹಗ್ಗ ಯಾಕೆ ಹಿಡಿದಿದ್ದೀ?"
ಕಾಫಿ ಕೊಟ್ಟಳು. ಸಕ್ಕರೆ ಬೇಕೇ ಅಂತ ಕೇಳಲಿಲ್ಲ.

ಈ ಸಲದ ಪ್ರಶ್ನೆ ಲಿಂತ್ ದಂಡೆಯ ಹಳೆಯ ನೂಲಿನ ಗಿರಣಿ.
ಯುದ್ಧದಿಂದ ಓಡಿಬಂದ ನಲವತ್ತು ಕುಟುಂಬಕ್ಕೆ ಅಲ್ಲಿ ಮನೆ ಮಾಡಿಕೊಡುವುದೋ, ಬೇಡವೋ.
ಕುರ್ಚಿಗಳು ಮೂರು ತಿಂಗಳು ಜಗ್ಗಾಡಿ
"ಸದ್ಯಕ್ಕೆ ಬೇಡ" ಎಂಬ ಮೆತ್ತನೆಯ ಮಾತಿಗೆ ಬಂದು ಕೂತಿದ್ದವು.

ಭಾನುವಾರ ತೆಂಕಣ ಬಿಸಿಗಾಳಿ. ಹಿಮ ಕರಗುವ ವಾಸನೆ.
ಟ್ರ್ಯಾಕ್ಟರ್ ಮಾರುವವನು ಮಾತಾಡಿದ, ಶಾಲೆಯ ಟೀಚರು ಮಾತಾಡಿದರು,
ಸಲೋಮೆ ಕಟ್ಟೆ ಹತ್ತುವಷ್ಟರಲ್ಲಿ ಅವಳ ಚೀಟಿ ಹಾರಿಹೋಗಿತ್ತು.
"ಇವತ್ತು ನಾನು ಯಾರ ಪ್ರತಿನಿಧಿಯೂ ಅಲ್ಲ, ನೀವೇ ಬಂದಿದ್ದೀರಿ.
ಗಿರಣಿಗೆ ಮುನ್ನೂರ ಹನ್ನೆರಡು ಕಿಟಕಿ. ಎಣಿಸಿದ್ದೇನೆ.
ಒಂದರಲ್ಲೂ ದೀಪವಿಲ್ಲ."
ಅಷ್ಟೇ. ಇಳಿದಳು.

ಒಪ್ಪುವವರು ಕೈಯೆತ್ತಿ.

ನನ್ನ ಬಲಕ್ಕೆ ಕಾಸ್ಪರ್ ಷ್ಟ್ಯುಸಿ,
ಕೊಟ್ಟಿಗೆಗೆ ಹೊಸ ಸೂರು ಹೊದಿಸುವ ಕೆಲಸ ನನಗೆ ಕೊಟ್ಟವನು,
ಮುಂಗಡವನ್ನೂ ಕೊಟ್ಟವನು. ಅವನ ತೋಳು ಎದೆಯ ಮೇಲೆ ಕಟ್ಟಿತ್ತು.
ಜೇಬಿನೊಳಗೆ ಮತದ ಚೀಟಿಯ ಮೂಲೆ
ನನ್ನ ಬೆರಳಿಗೆ ಚುಚ್ಚುತ್ತಿತ್ತು.
ಉಂಗುರದ ನಡುವೆ ಮಕ್ಕಳು ಕೂರುವುದು ವಾಡಿಕೆ.
ಹಲ್ಲು ಬಿದ್ದ ಒಬ್ಬ ಹುಡುಗ ನನ್ನನ್ನೇ ನೋಡುತ್ತಿದ್ದ.

ಇಲ್ಲಿ ತಲೆ ಎಣಿಸುವುದಿಲ್ಲ. ಕತ್ತಿಗೆ ಕೈಯೂರಿ ನಿಂತ ಅಧ್ಯಕ್ಷ
ಗದ್ದೆಯ ಪೈರು ನೋಡುವವನ ಹಾಗೆ ನೋಡಿ ಹೇಳುತ್ತಾನೆ.
ನೋಡಿದ. ತಿಳಿಯಲಿಲ್ಲ. ಮತ್ತೆ ಎತ್ತಿಸಿದ.
ನಾಲ್ವರನ್ನು ಪಕ್ಕಕ್ಕೆ ಕರೆದು ಮೂರನೆಯ ಸಲ ಎತ್ತಿಸಿದ.
ಮೂರು ಸಲವೂ ನನ್ನ ಕೈ ಜೇಬಿನಲ್ಲೇ.
ಬೇಡ ಎನ್ನುವವರು ಎತ್ತಿದಾಗಲೂ ಎತ್ತಲಿಲ್ಲ,
ಅಷ್ಟರಮಟ್ಟಿಗೆ ನಾನು ಪ್ರಾಮಾಣಿಕ.

"ಬೇಡ ಎಂಬುದೇ ಹೆಚ್ಚು."
ಜನ ಕರುವಿನ ಮಾಂಸದ ಸಾಸೇಜು ತಿನ್ನಲು ಹೊರಟರು.

ನನ್ನ ಪರವಾಗಿ ಮಾತಾಡಲು ಇನ್ನೊಬ್ಬರು ಯಾಕೆ,
ಎಂದು ಬಿಯರ್ ಹೊಟ್ಟೆಗಿಳಿದಾಗಲೆಲ್ಲ ಗುಡುಗುತ್ತಿದ್ದವನು ನಾನು.
ಭಾನುವಾರ ನನ್ನ ಪ್ರತಿನಿಧಿ ನಾನೇ ಆಗಿದ್ದೆ.
ಅವನು ಕೈಯೆತ್ತದೆಯೇ ಕೈಕೊಟ್ಟ.
ಅವನನ್ನು ಯಾವ ಚುನಾವಣೆಯಲ್ಲಿ ಸೋಲಿಸಲಿ?

ಸೋಮವಾರ ಹಲಗೆ ಕಳಚುತ್ತಿದ್ದೆವು.
ಮರೆತ ಕನ್ನಡಕ ಹುಡುಕುತ್ತ ಸಲೋಮೆ ಬಂದಳು.
ಸಿಗಲಿಲ್ಲ. ಸುಮ್ಮನೆ ಹಲಗೆಯ ಆ ಕೊನೆ ಹಿಡಿದಳು.
"ನೀನು ಮೇಲಿನ ಸಾಲಿನಲ್ಲಿದ್ದೆ. ಅಲ್ಲಿಂದ ಹೇಗೆ ಕಂಡಿತು?"
ಹತ್ತಿರವಿತ್ತು, ಅಂದೆ.
"ಎಷ್ಟು ಹತ್ತಿರ?"
ಹಲಗೆಯ ದಪ್ಪ ತೋರಿಸಲು
ಎರಡು ಬೆರಳು ಎತ್ತಿದೆ.
ಅವಳು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ
ಅವನ್ನೇ ಸ್ವಲ್ಪ ಹೊತ್ತು ನೋಡಿದಳು.
"ಆ ತುದಿ ಎತ್ತು," ಅಂದಳು.